ಕೆರೆಗೆ ಬೆನ್ನು ಹಾಕಿದ ಹದಿನಾಲ್ಕು ಮನೆಗಳು

ನಮ್ಮ ಸಾಲಿನ ಹದಿನಾಲ್ಕು ಮನೆಗಳೂ ಕೆರೆಗೆ ಬೆನ್ನು ಹಾಕಿಕೊಂಡೇ ನಿಂತಿವೆ. ಕಟ್ಟಿದವರಿಗೆ ದಿಕ್ಕು ತಪ್ಪಿ ಹಾಗಾದದ್ದಲ್ಲ, ಬೇಕೆಂದೇ ಕಟ್ಟಿದ್ದು. ತಲೆಬಾಗಿಲು ಊರಿನ ಬೀದಿಗೆ, ಹಿತ್ತಲು ಕೆರೆಗೆ. ಬೀದಿಯ ಕಡೆ ರಂಗೋಲಿ, ಮಾವಿನ ತೋರಣ, ಅರಿಶಿನ ಬಳಿದ ಹೊಸ್ತಿಲು. ಕೆರೆಯ ಕಡೆ ಬಟ್ಟೆ ಒಗೆಯುವ ಕಲ್ಲು, ಮುಸುರೆ ಪಾತ್ರೆ, ಕೋಳಿಗೂಡು, ಕಾಲು ಮುರಿದ ಕುರ್ಚಿ, ಎಂದಾದರೂ ಬೇಕಾದೀತು ಎಂದು ಎತ್ತಿಟ್ಟ ತಗಡು. ನಮ್ಮೂರು ಕೋಗಿಲು ಬೆಂಗಳೂರಿಗೆ ಸೇರದೆ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆಗಳು ಇವು. ಆಗ ಕೆರೆ ಎಂದರೆ ದನ ತೊಳೆಯುವ ಜಾಗ, ಗದ್ದೆಗೆ ನೀರು ಬರುವ ಜಾಗ. ಕೂತು ನೋಡುವ ಜಾಗ ಎಂದು ಯಾರಿಗೂ ಅನ್ನಿಸಿರಲಿಲ್ಲ.

ನಾನು ಚಿಕ್ಕಜಾಲದಿಂದ ಈ ಸಾಲಿಗೆ ಸೊಸೆಯಾಗಿ ಬಂದವಳು. ಸಹಕಾರನಗರದ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಒಮ್ಮೆ ಅಳತೆ ಕೊಡಲು ಬಂದ ಗಿರಾಕಿಯೊಬ್ಬರು ಮನೆ ಎಲ್ಲಿ ಎಂದು ಕೇಳಿದರು. ಕೆರೆ ಪಕ್ಕ ಎಂದೆ. "ಲೇಕ್ ವ್ಯೂ ಅನ್ನಿ, ಪುಣ್ಯ ಮಾಡಿದೀರ" ಎಂದರು. ನನ್ನ ಬಾಯಲ್ಲಿ ಗುಂಡುಪಿನ್ನು ಇದ್ದವು, ಹಾಗಾಗಿ ಅವರು ಬಚಾವಾದರು. ಇಲ್ಲದಿದ್ದರೆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಂದು ನಮ್ಮ ಹಿತ್ತಲಲ್ಲಿ ಊಟ ಮಾಡಿ ಹೋಗಿ ಎಂದು ಕರೆದುಬಿಡುತ್ತಿದ್ದೆ. ಆಗಿನ ನಮ್ಮ ಕೆರೆಯ ನಾತ ಅಂಥದ್ದು. ಅರ್ಧ ಕೆರೆಗೆ ಅಂತರಗಂಗೆ ಕಳೆ ಹಬ್ಬಿತ್ತು, ಇನ್ನರ್ಧದಲ್ಲಿ ನೊರೆ. ಸುತ್ತಮುತ್ತ ಎದ್ದ ಕಟ್ಟಡಗಳ ಕೊಳೆನೀರೆಲ್ಲ ಅಲ್ಲಿಗೇ. ಬೇರೆಯವರನ್ನು ಮಾತ್ರ ಬೈದರೆ ಸುಳ್ಳಾಗುತ್ತದೆ, ನಮ್ಮ ಹದಿನಾಲ್ಕು ಮನೆಗಳ ಬಚ್ಚಲ ನೀರೂ ಅಲ್ಲಿಗೇ ಹೋಗುತ್ತಿತ್ತು. ಕಿಟಕಿ ಮುಚ್ಚಿಕೊಂಡು ಕೆರೆಗೆ ಶಾಪ ಹಾಕುತ್ತಿದ್ದೆವು, ಪೈಪು ಮಾತ್ರ ಅದರ ಕಡೆಗೇ ಇಟ್ಟಿದ್ದೆವು.

ಕಿಟಕಿ ಮುಚ್ಚದೆ ಇದ್ದವರು ನಮ್ಮ ಅತ್ತೆ ಒಬ್ಬರೇ. ಅವರಿಗೆ ಮಂಡಿನೋವು, ಹೊರಗೆ ಓಡಾಟ ಕಡಿಮೆ. ಮಧ್ಯಾಹ್ನದ ಊಟ ಆದಮೇಲೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಕಾಳು ಸುಲಿಯುವುದು ಎಲ್ಲ ಅಲ್ಲೇ. ಎದುರಿಗೆ ಕೆರೆ. "ಅಲ್ಲೇನಿದೆ ಅಂತ ನೋಡ್ತೀರ ಅತ್ತೆ?" ಎಂದು ನಾನು ಸಿಡುಕಿದರೆ, "ನೀರೈತಲ್ಲ" ಎನ್ನುತ್ತಿದ್ದರು. ಇದ್ದದ್ದು ನೀರಲ್ಲ ಎಂದು ವಾದ ಮಾಡಬಹುದಿತ್ತು. ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಬಿಟ್ಟುಬಿಡುತ್ತಿದ್ದೆ.

ಇಂಥ ಕೆರೆಯಲ್ಲಿ ರಾಷ್ಟ್ರ ಮಟ್ಟದ ದೋಣಿ ಸ್ಪರ್ಧೆ ನಡೆಯುತ್ತದಂತೆ ಎಂಬ ಸುದ್ದಿ ಬಂದಾಗ ಬೀದಿಯಲ್ಲಿ ಎಲ್ಲರೂ ನಕ್ಕರು. ಯಲಹಂಕ ಹಳೇ ಟೌನಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, "ದೋಣಿ ಬಿಟ್ರೆ ಅಂತರಗಂಗೆ ಮೇಲೆ ನಿಲ್ಲುತ್ತೆ ಅಷ್ಟೆ, ಮುಂದಕ್ಕೆ ಹೋಗಲ್ಲ" ಎಂದರು. ಆದರೆ ಹದಿನೈದು ದಿನಕ್ಕೆ ಜೆಸಿಬಿಗಳು ಬಂದವು. ಅದಾದ ಮೇಲೆ ಕೆಲಸ ನಿಲ್ಲಲೇ ಇಲ್ಲ.

ಮೊದಲು ಮಾಡಿದ್ದು ಕೊಳೆನೀರಿನ ಕೆಲಸ. ಕೆರೆಯ ಸುತ್ತ ದೊಡ್ಡ ಪೈಪು ಹೂತು, ಎಲ್ಲರ ಬಚ್ಚಲನ್ನೂ ಅದಕ್ಕೆ ಸೇರಿಸಿದರು. ನಮ್ಮ ಪೈಪನ್ನು ಕೆರೆಯಿಂದ ಕಿತ್ತ ದಿನ ನನಗೆ ಒಳಗೊಳಗೇ ನಾಚಿಕೆಯಾಯಿತು. ಇಷ್ಟು ಸುಲಭದ ಕೆಲಸಕ್ಕೆ ಹೊರ ರಾಜ್ಯದ ಮಕ್ಕಳು ದೋಣಿ ತರಬೇಕಾಯಿತೇ ಎನ್ನಿಸಿತು. ನಾವೇ ಎಷ್ಟು ಅರ್ಜಿ ಕೊಟ್ಟಿದ್ದೆವು. ಊರಿನವರಿಗಾಗಿ ಆಗದ ಕೆಲಸ ನೆಂಟರಿಗಾಗಿ ಆಯಿತು ಎಂದು ಸಿಟ್ಟೂ ಬಂತು. ನಮ್ಮ ಮನೆಯಲ್ಲೂ ಸುಣ್ಣ ಬಳಿಯುವುದು ಮದುವೆಗೋ ಗೃಹಪ್ರವೇಶಕ್ಕೋ ಜನ ಬರುವಾಗ ತಾನೆ ಎಂದು ಆಮೇಲೆ ನೆನಪಾಗಿ ಸಿಟ್ಟು ಇಳಿಯಿತು.

ಆಮೇಲೆ ಹೂಳು ತೆಗೆದರು. ಲಾರಿಗಟ್ಟಲೆ ಕಪ್ಪು ಮಣ್ಣು ಹೋಯಿತು. ಕೆರೆಯ ಸುತ್ತ ಕಲ್ಲು ಹಾಸಿದ ದಾರಿ ಬಂತು, ದೀಪದ ಕಂಬಗಳು ಬಂದವು, ಅಲ್ಲಲ್ಲಿ ಕೂರಲು ಬೆಂಚು, ದೋಣಿ ಇಳಿಸಲು ಕಟ್ಟೆ. ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದವಳು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಕೆರೆಯಲ್ಲಿ ಆಕಾಶ ಕಾಣುತ್ತಿತ್ತು. ಮದುವೆಯಾಗಿ ಬಂದಮೇಲೆ ಅದೇ ಮೊದಲ ಸಲ ನಾನು ಆ ಕೆರೆಯಲ್ಲಿ ಆಕಾಶ ನೋಡಿದ್ದು. ಅತ್ತೆಯನ್ನು ಕೂಗಿ ತೋರಿಸಿದೆ. "ಮೊದ್ಲು ಇಂಗೇ ಇತ್ತು" ಎಂದರು, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಆದರೆ ಅವತ್ತು ಊಟಕ್ಕೆ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತರು.

ಸ್ಪರ್ಧೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅದನ್ನು ನಡೆಸುವ ಸಮಿತಿಯ ಎಂಜಿನಿಯರ್ ಒಬ್ಬರು ನಮ್ಮ ಹಿತ್ತಲಿಗೆ ಬಂದರು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ತಲೆಗೆ ಹಳದಿ ಹೆಲ್ಮೆಟ್ಟು, ಮುಖದಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟ ಸುಸ್ತು. ನೀರು ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ನಮ್ಮ ಕಡೆ ನೋಡದೆ ಹೇಳಿದರು.

"ಆಂಟಿ, ಮುಂದಿನ ವಾರ ಈ ಕಡೆ ಶೀಟ್ ಹಾಕ್ತೀವಿ. ನಿಮ್ಮ ಕಾಂಪೌಂಡಿಗೆ ಏನೂ ತೊಂದ್ರೆ ಆಗಲ್ಲ."

"ಎಂಥ ಶೀಟು?"

"ಪ್ರಿಂಟ್ ಮಾಡಿರೋದು. ಮರ, ಹೂವು, ಸ್ಪರ್ಧೆ ಚಿತ್ರ ಎಲ್ಲ ಇರುತ್ತೆ. ಹನ್ನೆರಡು ಅಡಿ ಎತ್ತರ. ಈ ಹದಿನಾಲ್ಕು ಮನೆ ಹಿಂಭಾಗ ಕ್ಯಾಮೆರಾಗೆ ನೇರ ಬೀಳುತ್ತೆ, ಗೆಲ್ಲೋ ಗೆರೆ ಇಲ್ಲೇ ಎದುರಿಗೆ ಇರೋದು. ಅದಕ್ಕೆ."

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ನಮ್ಮನ್ನು ಮರೆ ಮಾಡುತ್ತಾರೆ. ನಮ್ಮ ಮನೆಗಳ ಮುಂದೆ ಮರದ ಚಿತ್ರ ಕಟ್ಟಿ, ಇಲ್ಲಿ ಮರಗಳಿವೆ, ಜನರಿಲ್ಲ ಎಂದು ದೇಶಕ್ಕೆಲ್ಲ ತೋರಿಸುತ್ತಾರೆ.

"ಎಷ್ಟು ದಿನ ಇರುತ್ತೆ?" ಎಂದೆ.

"ಸ್ಪರ್ಧೆ ಮುಗಿಯೋವರೆಗೂ ಗ್ಯಾರಂಟಿ. ಆಮೇಲೆ ತೆಗೆಯೋದೋ ಇಡೋದೋ ನಂಗೆ ಗೊತ್ತಿಲ್ಲ ಆಂಟಿ."

ನನಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ನಮ್ಮ ಯಜಮಾನರಿಗೆ ಅದು ಗೊತ್ತು, ಅವರಾಗಿದ್ದರೆ ಅಷ್ಟು ಹೊತ್ತಿಗೆ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. "ನೋಡಿ ಮೇಡಂ," ಎಂದೆ, "ನಾವು ಇಲ್ಲಿ ಒತ್ತುವರಿ ಮಾಡ್ಕೊಂಡು ಕೂತಿಲ್ಲ. ನಿಮ್ಮ ಕ್ಯಾಮೆರಾ ಬರೋಕಿಂತ ಮುಂಚಿಂದ ಇದೀವಿ. ಮುಚ್ಚಲೇಬೇಕು ಅಂದ್ರೆ ಮೊದ್ಲು ಒಂದು ಶೀಟು ನನ್ನ ತಲೆ ಮೇಲೆ ಹಾಕಿ, ಆಮೇಲೆ ಮನೆಗೆ ಹಾಕೋರಂತೆ."

ಆ ಮಾತಿಗೆ ಪಾಪ ಆ ಹುಡುಗಿಯ ಕಣ್ಣು ತುಂಬಿತು. ನನಗೂ ಪಿಚ್ಚೆನಿಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ನಂಗೆ ಆ ಕಡೆ ಕಾಣಾಕಿಲ್ವಾ ಅಂಗಾದ್ರೆ?" ಎಂದು ಕೇಳಿದರು. ನನ್ನ ಜಗಳದ ನಡುವೆ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಹನ್ನೆರಡು ಅಡಿ ಶೀಟು ನಿಂತರೆ ಹೊರಗಿನವರಿಗೆ ನಮ್ಮ ಗೋಡೆ ಕಾಣುವುದಿಲ್ಲ, ಅಷ್ಟೆ. ಅತ್ತೆಗೆ ಕೆರೆಯೇ ಕಾಣುವುದಿಲ್ಲ. ಕೆರೆ ಕೊಳೆತು ನಾರುತ್ತಿದ್ದಾಗ ಬಿಡದೆ ನೋಡಿದ ಹೆಂಗಸಿಗೆ, ಅದು ಕನ್ನಡಿಯಂತಾದ ಮೇಲೆ ಶೀಟಿನ ಹಿಂಬದಿ ನೋಡಿಕೊಂಡು ಕೂರುವ ಪಾಡು.

ಎಂಜಿನಿಯರ್ ಅತ್ತೆಯ ಮೆಟ್ಟಿಲ ಹತ್ತಿರ ಹೋಗಿ ಅಲ್ಲಿಂದ ಕೆರೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ನಾನು ತೀರ್ಮಾನ ಮಾಡೋಕಾಗಲ್ಲ ಅಜ್ಜಿ. ಮೂರು ವಾರ ಬಿಟ್ಟು ಶನಿವಾರ ನಮ್ಮ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಅಷ್ಟರೊಳಗೆ ಹಿಂದಿನ ಗೋಡೆಗಳೆಲ್ಲ ಚೊಕ್ಕಟವಾಗಿದ್ರೆ ನಾನು ಮಾತಾಡ್ತೀನಿ. ಅಲ್ಲೀವರೆಗೆ ಶೀಟು ಈ ಕಡೆಗೆ ಬರದೇ ಇರೋ ಹಾಗೆ ನೋಡ್ಕೋತೀನಿ" ಎಂದರು.

ಅವತ್ತು ಸಂಜೆಯೇ ಹದಿನಾಲ್ಕು ಮನೆಯ ಹೆಂಗಸರನ್ನೂ ಸೇರಿಸಿದೆ. ನಾನು ಮುಂದಾಳು ಎಂದು ಯಾರೂ ಆರಿಸಲಿಲ್ಲ, ಬಾಯಿ ಜೋರಿರುವವರನ್ನು ಆರಿಸುವ ಅಗತ್ಯವೂ ಇರುವುದಿಲ್ಲ. ಪಕ್ಕದ ಮನೆಯ ಅಕ್ಕ, "ಹಿತ್ತಲ ಗೋಡೆಗೆ ಬಣ್ಣಾನಾ? ಯಾರು ನೋಡ್ತಾರೆ ಅಂತ?" ಎಂದರು. "ದೇಶ ನೋಡುತ್ತಂತೆ ಅಕ್ಕಾ" ಎಂದೆ. ಆಮೇಲೆ ಅವರೇ ಎಲ್ಲರಿಗಿಂತ ಮೊದಲು ಗೋಡೆ ಕೆರೆಯಲು ಶುರು ಮಾಡಿದರು.

ಆ ಮೂರು ವಾರದಲ್ಲಿ ನಾವು ಮಾಡಿದ ಕೆಲಸ ನೆನೆದರೆ ಈಗಲೂ ತೋಳು ನೋಯುತ್ತದೆ. ಗಂಡಸರು ಕೆಲಸದಿಂದ ಬಂದು ಗಾರೆ ಕಿತ್ತಲ್ಲಿ ಮೆತ್ತಿದರು. ಕೆಲವು ಹಿತ್ತಲ ಗೋಡೆಗಳು ಕಟ್ಟಿದಂದಿನಿಂದ ಗಾರೆಯನ್ನೇ ಕಂಡಿರಲಿಲ್ಲ, ಇಟ್ಟಿಗೆ ಹಾಗೇ ಇತ್ತು. ಎಲ್ಲ ಒಂದೇ ಬಣ್ಣ ಬಳಿಯೋಣ ಎಂದು ನಾನು ಹೇಳಿದ್ದಕ್ಕೆ ಎರಡು ದಿನ ಜಗಳವಾಗಿ, ಕೊನೆಗೆ ಅವರವರ ಇಷ್ಟಕ್ಕೆ ಬಿಟ್ಟೆವು. ಯಾರಿಗೂ ಯಾರ ಬಣ್ಣವೂ ಹಿಡಿಸಲಿಲ್ಲ, ಒಟ್ಟಿಗೆ ನೋಡಿದರೆ ಮಾತ್ರ ಚೆನ್ನಾಗಿತ್ತು. ಅಕ್ಕ ಹಿತ್ತಲ ಬಾಗಿಲ ಚೌಕಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿ ಗೀಟು ಹಾಕಿದರು. ಅದನ್ನು ನೋಡಿ ಎಲ್ಲರೂ ಹಾಕಿದರು. ನಮ್ಮ ಕೋಳಿಗೂಡಿಗೂ ಬಣ್ಣ ಬಿತ್ತು. ಅಂಗಡಿಯಲ್ಲಿ ಗಿರಾಕಿಗಳು ನನ್ನ ಉಗುರಿನ ಸಂದಿಯ ಬಣ್ಣ ನೋಡಿ ಏನೆಂದು ಕೇಳಿದರೆ, ಒಂದೊಂದು ಕಾಜಾ ಹೊಲಿಯುತ್ತಲೂ ಪೂರ್ತಿ ಕಥೆ ಹೇಳುತ್ತಿದ್ದೆ. ಶುಕ್ರವಾರ ಸಂಜೆ ಹೊಸ ದಾರಿಯ ಮೇಲೆ ನಿಂತು ಸಾಲನ್ನು ಒಂದು ಸಲ ನೋಡಿದೆ. ಹಿತ್ತಲು ಎಂದು ಯಾರೂ ಹೇಳುವಂತಿರಲಿಲ್ಲ.

ಶನಿವಾರ ಆದದ್ದನ್ನು ಹೇಳಲೇಬೇಕು. ನನ್ನ ಮರ್ಯಾದೆ ಹೋದರೂ ಹೇಳಬೇಕು.

ಸಾಹೇಬರು ಹತ್ತು ಗಂಟೆಗೆ ಬರುತ್ತಾರೆ ಎಂದು ಎಂಜಿನಿಯರ್ ಫೋನು ಮಾಡಿದ್ದರು. ಬೆಳಗ್ಗೆ ಐದಕ್ಕೇ ಎದ್ದೆ. ದೊಡ್ಡವರು ಮನೆಗೆ ಬರುತ್ತಾರೆ ಎಂದರೆ ಏನು ಮಾಡುತ್ತೇವೋ ಅದನ್ನೆಲ್ಲ ಮಾಡಿದೆ. ಬೀದಿ ಬಾಗಿಲು ತೊಳೆದು ಬಾಗಿಲಗಲದ ರಂಗೋಲಿ ಹಾಕಿದೆ. ತೋರಣ ಕಟ್ಟಿದೆ. ನಡುಮನೆಯಲ್ಲಿದ್ದ ಬಟ್ಟೆ ಗಂಟು, ಹೊಲಿಗೆ ಮಿಷನ್ನಿನ ಹಳೇ ಸ್ಟ್ಯಾಂಡು, ನೀರಿನ ಡ್ರಮ್ಮು, ಯಜಮಾನರು ರಿಪೇರಿಗೆ ತಂದಿಟ್ಟಿದ್ದ ಮೂರು ಮೋಟಾರು, ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿ ಹಿತ್ತಲಿಗೆ ಹಾಕಿದೆ. ನಾನು ಮಾತ್ರವಲ್ಲ, ಹದಿನಾಲ್ಕು ಮನೆಯವರೂ ಅದನ್ನೇ ಮಾಡಿದರು. ಹುಟ್ಟಿದಾಗಿನಿಂದ ನಾವು ಮಾಡಿಕೊಂಡು ಬಂದದ್ದು ಅದು. ನೆಂಟರು ಬರುತ್ತಾರೆ ಎಂದರೆ ಮನೆಯಲ್ಲಿರುವ ಗಲೀಜೆಲ್ಲ ಹಿಂದಕ್ಕೆ ಹೋಗುತ್ತದೆ. ಕೈ ಅದರಷ್ಟಕ್ಕೆ ಅದು ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಹತ್ತು ಗಂಟೆಗೆ ನಾವೆಲ್ಲ ರೇಷ್ಮೆ ಸೀರೆ ಉಟ್ಟು ಬೀದಿ ಬಾಗಿಲಲ್ಲಿ ಸಾಲಾಗಿ ನಿಂತಿದ್ದೆವು. ನನ್ನ ಕೈಯಲ್ಲಿ ಆರತಿ ತಟ್ಟೆ. ಬೀದಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಹಾಲಿನವನು ಸೈಕಲ್ಲು ಇಳಿದು ತಳ್ಳಿಕೊಂಡು ಹೋದ. ಹತ್ತೂವರೆ ಆಯಿತು, ಹನ್ನೊಂದಾಯಿತು. ಆರತಿಗೆ ಎರಡನೇ ಸಲ ಎಣ್ಣೆ ಹಾಕಿದೆ. ಆಗ ಫೋನು ಬಂತು.

"ಆಂಟಿ, ಎಲ್ಲಿದೀರ?" ಎಂಜಿನಿಯರ್ ದನಿ ಪಿಸುಗುಡುತ್ತಿತ್ತು. "ನಾವು ಆಗಲೇ ಬಂದು ಅರ್ಧ ಗಂಟೆ ಆಯ್ತು. ನಿಮ್ಮ ಮನೆ ಹಿಂದೇನೇ ಇದೀವಿ."

ಕೆರೆ ನೋಡಲು ಬರುವವರು ಕೆರೆಯ ದಾರಿಯಲ್ಲಿ ಬರುತ್ತಾರೆ. ಇಷ್ಟು ಸಣ್ಣ ವಿಷಯ ಹದಿನಾಲ್ಕು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೂರು ವಾರ ಗೋಡೆ ಕೆರೆದು ಬಣ್ಣ ಬಳಿದದ್ದು ಯಾವ ಕಡೆಗೆ ಎಂಬುದನ್ನೇ ಮರೆತು ನಾನು ಆರತಿ ಹಿಡಿದು ನಿಂತಿದ್ದೆ. ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ನಾನು ಆರತಿ ತಟ್ಟೆ ಹಿಡಿದುಕೊಂಡೇ ಮನೆಯೊಳಗೆ ಓಡಿದೆ. ಕೆಲಸವೆಲ್ಲ ಹಾಳಾಯಿತು, ಹಾಳು ಮಾಡಿದವಳು ನಾನೇ ಎಂದುಕೊಳ್ಳುತ್ತಲೇ ನಡುಮನೆ ದಾಟಿದೆ. ಹಿತ್ತಲ ಬಾಗಿಲ ಹತ್ತಿರ ಬಂದಾಗ ಅತ್ತೆಯ ದನಿ ಕೇಳಿ ಒಳಗೇ ನಿಂತೆ.

ಅತ್ತೆ ಹಳೇ ಸೀರೆಯಲ್ಲಿ ತಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ. ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮೋಟಾರು ಡ್ರಮ್ಮುಗಳ ನಡುವೆ, ಇಸ್ತ್ರಿ ಮಾಡಿದ ಷರಟಿನ ಒಬ್ಬ ದಪ್ಪ ಮನುಷ್ಯ ಕೂತು ಅವರೆಕಾಳು ಹಿಸುಕುತ್ತಿದ್ದರು. ಎರಡು ಬೆರಳಲ್ಲಿ ಒತ್ತಿ, ಬೇಳೆ ಬೋಗುಣಿಗೆ, ಸಿಪ್ಪೆ ಪಕ್ಕಕ್ಕೆ. ಕೈ ಪಳಗಿತ್ತು. ಎಂಜಿನಿಯರ್ ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಇವತ್ತು ಬರ್ತೀವಿ ಅಂತ ಹೇಳಿದ್ವಲ್ಲಮ್ಮ," ಎನ್ನುತ್ತಿದ್ದರು ಸಾಹೇಬರು. "ಇಷ್ಟೊಂದು ಸಾಮಾನು ಇಲ್ಲೇ ಯಾಕೆ ಹಾಕಿದೀರಿ?"

"ನೀವು ಬತ್ತೀರ ಅಂತಾನೇ ಸ್ವಾಮಿ ಆಕಿರೋದು," ಎಂದರು ಅತ್ತೆ. "ನೆಂಟ್ರು ಬತ್ತಾರೆ ಅಂದ್ರೆ ಇರೋದ್ನೆಲ್ಲ ಇತ್ಲಿಗೆ ತಾನೆ ಆಕೋದು. ಅವ್ರೆಲ್ಲ ಮುಂದ್ಲು ಬಾಗ್ಲಾಗೆ ನಿಮಗೆ ಆರತಿ ಇಟ್ಕೊಂಡು ಕಾಯ್ತಾವ್ರೆ. ನೀವು ನೋಡುದ್ರೆ ಕಳ್ಳ್ರಂಗೆ ಇಂದ್ಲಿಂದ ಬಂದಿದೀರ."

ಸಾಹೇಬರು ಕಾಳು ಹಿಸುಕುವುದನ್ನು ನಿಲ್ಲಿಸಿ ನಗಲು ಶುರು ಮಾಡಿದರು. ಹೊಟ್ಟೆ ಕುಲುಕುವ ಹಾಗೆ ನಕ್ಕರು. "ನಮ್ಮಮ್ಮನೂ ಹೀಗೇ ಮಾಡೋದು" ಎಂದು ಎಂಜಿನಿಯರ್ ಕಡೆ ತಿರುಗಿ ಹೇಳಿದರು. ಅತ್ತೆ ಮಾತ್ರ ನಗಲಿಲ್ಲ.

"ನಮ್ಮನ್ನ ಮುಚ್ತೀರಂತೆ, ಯಾಕೆ?"

"ಮುಚ್ಚೋದಲ್ಲಮ್ಮ. ಟಿವಿಯವರು ಬರ್ತಾರೆ, ಬೇರೆ ರಾಜ್ಯದವರು ಬರ್ತಾರೆ. ನೋಡೋರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ."

"ಅವ್ರು ನಾಕ್ ದಿನ ನೋಡಿ ಓಗ್ತಾರೆ. ನಾನು ದಿನಾ ನೋಡೋಳು. ಇದು ನಾತ ಒಡೀತಿದ್ದಾಗ ಒಬ್ಬರೂ ಈ ಕಡೆ ತಿರುಗ್ಲಿಲ್ಲ, ನಾನೊಬ್ಳೇ ಕೂತು ನೋಡ್ದೆ. ಈಗ ಚೆಂದಾಗೈತೆ ಅಂತ ನಂಗೇ ಅಡ್ಡ ಕಟ್ತೀರಾ?"

ಸಾಹೇಬರು ಕೈಯಲ್ಲಿದ್ದ ಕಾಳನ್ನು ಹಿಸುಕಿ ಬೋಗುಣಿಗೆ ಹಾಕಿದರು. ಮೂರು ವಾರದಿಂದ ನಾನು ಗೋಡೆ, ಬಣ್ಣ, ಮರ್ಯಾದೆ ಎಂದು ಕೂಗಾಡಿದ್ದೆ. ಕೇಳಬೇಕಾದ ಪ್ರಶ್ನೆಯನ್ನು ಅತ್ತೆ ಕಾಳು ಹಿಸುಕುತ್ತಾ ಕೇಳಿಬಿಟ್ಟರು. ಅವರ ಸೊಸೆ ಎಂದು ನನಗೆ ಹೆಮ್ಮೆಯಾಯಿತು. ಅಂಥ ಹೆಮ್ಮೆ ಅಲ್ಲಿಯವರೆಗೆ ನನಗೆ ಆಗಿರಲಿಲ್ಲ, ಅತ್ತೆ ಸೊಸೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ.

ನಾನು ಹೊರಗೆ ಬಂದೆ. ಕೈಯಲ್ಲಿದ್ದ ಆರತಿಯನ್ನು ಏನು ಮಾಡುವುದೆಂದು ತಿಳಿಯದೆ ಸಾಹೇಬರಿಗೆ ಎತ್ತಿಯೇ ಬಿಟ್ಟೆ. ಅವರು ಒಗೆಯುವ ಕಲ್ಲಿನ ಮೇಲೆ ಕೂತೇ ಹಣೆಗೆ ಕುಂಕುಮ ಇಡಿಸಿಕೊಂಡರು. ಎದ್ದು ನಿಂತು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದರು.

"ಗೋಡೆ ಚೆನ್ನಾಗಿದೆ," ಎಂದರು. "ನಾಳೆ ಬೆಳಗ್ಗೆ ಎಂಟಕ್ಕೆ ಇವರು ಬಂದು ಫೋಟೊ ತೆಗೆದು ನನಗೆ ಕಳಿಸ್ತಾರೆ. ಅದರಲ್ಲಿ ಒಂದು ಬಕೆಟ್ ಕಾಣಿಸಿದ್ರೂ ಶೀಟು ಬರುತ್ತೆ. ಕಾಣಿಸದೆ ಇದ್ರೆ ಬರಲ್ಲ. ಆಯ್ತಾ?"

"ಆಯ್ತು ಸಾರ್" ಎಂದೆ. ಅಷ್ಟು ಚಿಕ್ಕ ಉತ್ತರ ನಾನು ಜೀವನದಲ್ಲಿ ಕೊಟ್ಟದ್ದಿಲ್ಲ.

ಅವತ್ತು ಮಧ್ಯಾಹ್ನ ಹದಿನಾಲ್ಕು ಮನೆಯ ಹಿತ್ತಲೂ ಮನೆಯೊಳಗಿಂದ ಹಾದು ಬೀದಿಗೆ ಬಂತು. ಒರಳುಕಲ್ಲು, ಡ್ರಮ್ಮು, ತಗಡು, ಮೋಟಾರು, ಹಳೇ ಕುರ್ಚಿ ಎಲ್ಲ ರಂಗೋಲಿಯ ಮೇಲೆ ಬಂದು ಕೂತವು. ರೇಷ್ಮೆ ಸೀರೆ ಬಿಚ್ಚಿಡಲೂ ಪುರುಸೊತ್ತಿಲ್ಲದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊತ್ತೆವು. ನಮ್ಮ ಯಜಮಾನರು ಮೋಟಾರು ಹೊರುತ್ತಾ, "ಬೆಳಗ್ಗೆ ಹಿಂದಕ್ಕೆ ಹೊರ್ಸಿದ್ದೆ, ಈಗ ಮುಂದಕ್ಕೆ ಹೊರುಸ್ತಿದೀಯ. ನಾಳೆ ಎಲ್ಲಿಗೆ ಅಂತ ಈಗ್ಲೇ ಹೇಳ್ಬಿಡು" ಎಂದರು. ಬೀದಿಯಲ್ಲಿ ನಡೆಯಲು ಜಾಗವಿಲ್ಲದಂತಾಯಿತು. ಊರು ಹುಟ್ಟಿದಮೇಲೆ ಮೊದಲ ಸಲ ನಮ್ಮ ಮನೆಗಳ ಮುಂದುಗಡೆ ಅಷ್ಟು ಗಲೀಜಾಗಿತ್ತು, ಹಿಂದುಗಡೆ ಅಷ್ಟು ಚೊಕ್ಕಟವಾಗಿತ್ತು. ಮರುದಿನ ಎಂಟಕ್ಕೆ ಎಂಜಿನಿಯರ್ ಬಂದು ಫೋಟೊ ತೆಗೆದರು. ಕಳಿಸಿ ಹತ್ತು ನಿಮಿಷಕ್ಕೆ ಉತ್ತರ ಬಂತು. ಅದನ್ನು ಓದಿ ಆ ಹುಡುಗಿ ಹೆಲ್ಮೆಟ್ಟು ತೆಗೆದು ನಮ್ಮ ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತು ಬಿಸಿ ಕಾಫಿ ಕುಡಿದಳು. ಅವತ್ತಿನಿಂದ ಅವಳು ನನಗೆ ಮೇಡಂ ಅಲ್ಲ.

ಸ್ಪರ್ಧೆಯ ದಿನ ನಮ್ಮ ಮನೆಗೆ ಬಂದ ನೆಂಟರನ್ನು ನಾನೇ ಫೋನಿನಲ್ಲಿ ಹೇಳಿ ಕೆರೆಯ ದಾರಿಯಿಂದ ಕರೆಸಿಕೊಂಡೆ. ಹಿತ್ತಲಲ್ಲಿ ಕುರ್ಚಿ ಹಾಕಿ ಪಾನಕ ಕೊಟ್ಟೆ. ಚಿಕ್ಕಜಾಲದ ನನ್ನ ಅಣ್ಣ ಹಿತ್ತಲಿಂದ ಒಳಗೆ ಬರಲು ಎರಡು ಸಲ ಯೋಚಿಸಿ, ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿದ. ನಮಗೂ ಗೊತ್ತಿರಲಿಲ್ಲ. ಹೊಸ ದಾರಿಯ ತುಂಬ ಜನ, ಹೆಬ್ಬಾಳದಿಂದ, ಆರ್.ಟಿ. ನಗರದಿಂದ, ಎಲ್ಲೆಲ್ಲಿಂದಲೋ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆಮೇಲೆ ದೋಣಿಗಳು ಬಂದವು. ಸೀಳಿದ ಸೌತೆಕಾಯಿಯಷ್ಟು ಸಪೂರ. ಅದರಲ್ಲಿ ಸಾಲಾಗಿ ಹೆಣ್ಣುಮಕ್ಕಳು, ಎಲ್ಲರ ತೋಳೂ ಒಟ್ಟಿಗೆ ಬಾಗುತ್ತಿತ್ತು, ಒಟ್ಟಿಗೆ ಏಳುತ್ತಿತ್ತು. ಹುಟ್ಟು ನೀರಿಗೆ ಬೀಳುವ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು.

"ಇಂದಕ್ಕೆ ಮುಖ ಮಾಡ್ಕೊಂಡು ಮುಂದಕ್ಕೆ ಓಗ್ತಾವ್ರಲ್ಲೇ," ಎಂದರು ಅತ್ತೆ. "ಎಲ್ಲಿಗೆ ಓಗ್ತೀವಿ ಅಂತ ಎಂಗೆ ಗೊತ್ತಾಗ್ತದೆ?"

"ಅಭ್ಯಾಸ ಇರುತ್ತೆ ಅತ್ತೆ" ಎಂದೆ. ಯಾರು ಗೆದ್ದರು ಎಂದು ನನಗೆ ನೆನಪಿಲ್ಲ. ನಮ್ಮ ಮನೆಯ ಎದುರಿಗೆ ಗೆದ್ದರು ಎನ್ನುವುದು ನೆನಪಿದೆ. ಮೈಕಿನಲ್ಲಿ ಈ ಊರಿನ ಜನಕ್ಕೆ ವಂದನೆ ಹೇಳಿದಾಗ ಹದಿನಾಲ್ಕು ಮನೆಯವರೂ ಹಿತ್ತಲಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ನಮಗೆ ನಾವೇ ಚಪ್ಪಾಳೆ ತಟ್ಟಿಕೊಂಡಂತಾಯಿತು ಎಂದು ಯಜಮಾನರು ಚುಡಾಯಿಸಿದರು. ತಟ್ಟಿಕೊಂಡರೆ ತಪ್ಪೇನು?

ಸ್ಪರ್ಧೆ ಮುಗಿದು ದೋಣಿಗಳು ಹೋದವು. ಎಲ್ಲವೂ ಹಾಗೇ ಉಳಿದಿದೆ ಎಂದು ಹೇಳಲಾರೆ. ಎರಡು ಕಂಬದ ದೀಪ ಉರಿಯುತ್ತಿಲ್ಲ. ನಮ್ಮ ಜಾಗಕ್ಕೆ ಬೆಲೆ ಕೇಳಿಕೊಂಡು ಬಿಲ್ಡರ್‌ಗಳು ಬಂದರು, ಅವರನ್ನು ದನಿ ಇಳಿಸಿ ಮಾತನಾಡಿ ಕಳಿಸಿದೆ. ಕೊಳೆನೀರು ಮಾತ್ರ ಮತ್ತೆ ಕೆರೆಗೆ ಬಂದಿಲ್ಲ. ದಾರಿ ಇದೆ, ಬೆಂಚುಗಳಿವೆ, ಸಂಜೆ ಜನ ತುಂಬಿರುತ್ತಾರೆ.

ಒಂದು ಭಾನುವಾರ ಬೆಳಗ್ಗೆ ಅತ್ತೆ ತಾವಾಗಿಯೇ, "ಆ ಕಡೇಗೆ ಓಗಿ ಬರಾನ ನಡಿ" ಎಂದರು. ಆಚೆ ದಡಕ್ಕೆ ಅವರು ಯಾವತ್ತೂ ಹೋಗಿರಲಿಲ್ಲ. ಅಲ್ಲಿ ಮೊದಲು ಇದ್ದದ್ದು ಜಾಲಿಮುಳ್ಳು, ಕೆಸರು. ಹೋಗಬೇಕಾದ ಕೆಲಸವೂ ಇರಲಿಲ್ಲ. ಮಂಡಿನೋವಿನವರನ್ನು ಅಷ್ಟು ದೂರ ಹೇಗೆ ನಡೆಸುವುದೆಂದು ಹೆದರುತ್ತಲೇ ಹೊರಟೆ. ಪ್ರತಿ ಬೆಂಚಿನಲ್ಲೂ ಕೂತೆವು. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು.

ಆಚೆ ದಡದ ಬೆಂಚಿನಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನೀರಿನ ಆಚೆ ನಮ್ಮ ಸಾಲು ಬೆಳಗಿನ ಬಿಸಿಲಿನಲ್ಲಿತ್ತು.

"ಆ ಐದ್ನೇ ಮನೆ ಯಾರ್ದೇ?" ಎಂದರು. "ಚೆಂದಾಗೈತೆ."

ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ನಮ್ಮದೇ ಅತ್ತೆ."

"ಸುಮ್ನಿರು."

"ನಿಜವಾಗ್ಲೂ ನಮ್ಮದೇ."

ಅವರು ನಂಬಲಿಲ್ಲ. ಫೋನು ತೆಗೆದು ಯಜಮಾನರಿಗೆ, ಹಿತ್ತಲಿಗೆ ಬಂದು ಕೈ ಬೀಸಿ ಎಂದೆ. ಯಾಕೆ ಎಂದು ಕೇಳಿದರು, ಮೊದಲು ಬನ್ನಿ ಎಂದೆ. ಐದನೇ ಮನೆಯ ಬಾಗಿಲು ತೆರೆಯಿತು. ಬನಿಯನ್, ಲುಂಗಿಯಲ್ಲಿ ಒಂದು ಚಿಕ್ಕ ಆಕೃತಿ ಹೊರಗೆ ಬಂದು, ಯಾರಿಗೆ ಎಂದು ತಿಳಿಯದೆ ಕೆರೆಯ ಕಡೆ ಕೈ ಬೀಸತೊಡಗಿತು.

ಅತ್ತೆ ಬೆಂಚಿನ ತುದಿಗೆ ಸರಿದು ಕೂತು ಆ ಕಡೆಗೇ ನೋಡಿದರು. ಆಮೇಲೆ, "ಮದುವೆಯಾಗಿ ಬಂದಾಗಿಂದ ಅದ್ರೊಳಗೇ ಇದೀನಿ ಕಣೆ," ಎಂದರು. "ಇಷ್ಟು ಚೆಂದಾಗೈತೆ ಅಂತ ನಂಗೆ ಗೊತ್ತೇ ಇರ್ನಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಫೋನಿನಲ್ಲಿ ಯಜಮಾನರು ಕೇಳುತ್ತಿದ್ದರು, "ಇನ್ನೂ ಎಷ್ಟೊತ್ತು ಹಿಂಗೆ ಕೈ ಬೀಸ್ಬೇಕು?"

"ಬೀಸ್ತಾ ಇರಿ," ಎಂದೆ. "ನಿಮ್ಮಮ್ಮ ಇನ್ನೂ ನೋಡ್ತಾ ಇದಾರೆ."